ಎಣ್ಣೆ ಡಬ್ಬಿಯ ಗರಿಕೆ

ಅಂದು ಬೆಳಿಗ್ಗೆ ಮಿರಗದ ಮಳೆ, ಅದೇ ಮೃಗಶಿರಾ ಮಳೆ, ಜೋರಾಗಿಯೂ ಬರಲಿಲ್ಲ, ಬಿಟ್ಟೂ ಹೋಗಲಿಲ್ಲ. ಜರಡಿಯಲ್ಲಿ ಹಿಟ್ಟು ಸಾಣಿಸಿದ ಹಾಗೆ ಸಣ್ಣಗೆ ಉದುರುತ್ತಿತ್ತು. ಆ ಮಳೆಯಲ್ಲೇ ಫಕೀರಪ್ಪ ನನ್ನನ್ನು ಕೆರೆಯ ದಂಡೆಯಿಂದ ಬೇರುಸಹಿತ ಎಬ್ಬಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಧಾರವಾಡದ ಅಂಚಿನಲ್ಲಿರುವ ಒಂದು ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ತಂದ.

ನಾನು ಗರಿಕೆ. ಆ ಕಡೆಯವರ ಬಾಯಲ್ಲಿ ಕರಿಕಿ. ನನ್ನಲ್ಲಿ ಮುಡಿಯುವ ಹೂವಿಲ್ಲ, ತಿನ್ನುವ ಹಣ್ಣಿಲ್ಲ, ಒಂದು ಇರುವೆಗೆ ಸಾಲುವಷ್ಟು ನೆರಳಿದ್ದರೆ ಹೆಚ್ಚು. ಆದರೂ ಗಣಪ್ಪನ ತಲೆಯ ಮೇಲೆ ಕೂಡುವ ಭಾಗ್ಯ ನಮ್ಮ ಮನೆತನಕ್ಕೆ ಬಂದಿದೆ. ಯಾಕೆ ಬಂತೋ ದೇವರಿಗೇ ಗೊತ್ತು.

ಫಕೀರಪ್ಪ ಆ ಕಾಲೇಜಿನ ಹುಲ್ಲಿನವ. ಹಾಗೆಂದೇ ಎಲ್ಲರೂ ಅವನನ್ನು ಕರೆಯುತ್ತಿದ್ದರು. ನನ್ನನ್ನು ಗೆಣ್ಣು ಗೆಣ್ಣಾಗಿ ಮುರಿದು, ಗೋಲಿನ ಬಾಗಿಲಲ್ಲಿ ಗೇಣಿಗೊಂದರಂತೆ ಊರಿ, ಪ್ರತಿ ಗೆಣ್ಣನ್ನೂ ಹೆಬ್ಬೆರಳಿನಿಂದ ಒಮ್ಮೆ ಒತ್ತಿದ. ಎಳೆ ಕೂಸಿನ ನೆತ್ತಿಗೆ ಎಣ್ಣೆ ಒತ್ತುವವರ ಕೈ ಅದು. ಮೈದಾನದ ಉಳಿದ ಕಡೆ ಹುಲ್ಲು ಹೇಗೋ ಬದುಕುತ್ತದೆ. ಗೋಲಿನ ಬಾಗಿಲಲ್ಲಿ ಬದುಕುವುದು ಕಷ್ಟ. ಗೋಲ್‌ಕೀಪರು ಅಲ್ಲೇ ನಿಲ್ಲಬೇಕು, ಅಲ್ಲೇ ಕುಣಿಯಬೇಕು, ಅಲ್ಲೇ ಬೀಳಬೇಕು. ವರ್ಷಕ್ಕೆ ಎರಡು ಸಲ ನಾನು ಪೂರ್ತಿ ಬೋಳಾಗುತ್ತಿದ್ದೆ. ಫಕೀರಪ್ಪ ಬಂದು, ಬೈಯದೆ, ಮತ್ತೆ ಊರುತ್ತಿದ್ದ.

ಆ ಕಾಲೇಜಿನ ಹುಡುಗಿಯರ ತಂಡದಲ್ಲಿ ಒಂದು ಪದ್ಧತಿ ಇತ್ತು. ಆಟ ಶುರುವಾಗುವ ಮುಂಚೆ ಬೇವಿನ ಮರದ ಕೆಳಗಿನ ಪುಟ್ಟ ಕಲ್ಲು ಗಣಪ್ಪನಿಗೆ ಇಪ್ಪತ್ತೊಂದು ಗರಿಕೆ ಏರಿಸಬೇಕು. ಕೀಳುವವಳು ಗೋಲ್‌ಕೀಪರೇ ಆಗಿರಬೇಕು. ದಿನವೂ ತುಳಿಯುವವಳು ಒಂದು ದಿನವಾದರೂ ಬಗ್ಗಿ ಮುಟ್ಟಲಿ ಎಂದು ಯಾವ ಕಾಲದಲ್ಲೋ ಯಾರೋ ಹಚ್ಚಿದ ರೂಢಿ. ಹಾಗೆ ಬಗ್ಗಿದವರಲ್ಲಿ ನನಗೆ ಬಹಳ ಬೇಕಾದವಳು ಭಾಗೀರಥಿ. ಹಾಲು ಮಾರುವ ಚನ್ನವ್ವನ ಮಗಳು. ಉದ್ದ ಕೈ, ದೊಡ್ಡ ನಗು. ಕೀಳುವಾಗ ಮೆಲ್ಲಗೆ, "ಸಿಟ್ಟಾಗಬ್ಯಾಡವಾ, ಮುಂಜಾನೆ ನಿನ್ನ ಮ್ಯಾಲ ಬಿದ್ದಿದ್ದೆ," ಎನ್ನುತ್ತಿದ್ದಳು.

ನಾನು ಬಂದು ಇಪ್ಪತ್ತೆರಡು ವರ್ಷ ಹೀಗೆ ಕಳೆಯಿತು; ಭಾಗೀರಥಿ ತಂಡ ಸೇರಿದ್ದು ಅದರ ಕೊನೆಯಲ್ಲಿ. ಒಂದು ದಿನ ಕಾಲೇಜಿನ ಕಾರ್ಯದರ್ಶಿ ದೇಶನೂರ ಸಾಹೇಬರು ನಾಲ್ಕು ಜನರೊಂದಿಗೆ ಮೈದಾನಕ್ಕೆ ಬಂದರು. ಅವರು ಕೆಟ್ಟವರಲ್ಲ. ಮಳೆಗಾಲದಲ್ಲಿ ಮೈದಾನ ಕೆಸರಿನ ಹೊಂಡವಾಗಿ, ನಡೆಯಬೇಕಾದ ಪಂದ್ಯಗಳಲ್ಲಿ ಅರ್ಧ ನಿಂತುಹೋಗುವುದನ್ನು ನೋಡಿ ಬೇಸತ್ತಿದ್ದರು. ಅದು ಸುಳ್ಳೂ ಅಲ್ಲ. ಪ್ಲಾಸ್ಟಿಕ್ ಹುಲ್ಲು ಹಾಸುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ನೀರು ಬೇಡ, ಕತ್ತರಿಸುವುದು ಬೇಡ. ಹಾಗಾದರೆ ಹುಲ್ಲಿನವನೂ ಬೇಡ. ಬರುವ ಜೂನಿನಿಂದ ಫಕೀರಪ್ಪನ ಕೆಲಸ ಇಲ್ಲ ಎಂದು ಅವರು ಅವನ ಮುಖ ನೋಡದೆ ಹೇಳಿದರು. ಫಕೀರಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವನು ತಲೆಯ ಮೇಲಿನ ಟವೆಲ್ಲು ತೆಗೆದು ಜಾಡಿಸಿ ಮತ್ತೆ ಸುತ್ತಿಕೊಂಡ, ಅಷ್ಟೇ.

ಮಣ್ಣು ಕೆರೆಯುವ ಯಂತ್ರ ಬಂದ ದಿನ, ಅದು ಗೋಲಿನ ಬಾಗಿಲಿಗೆ ತಿರುಗುವ ಮುಂಚೆ ಅವನು ಓಡಿಬಂದು ನನ್ನ ಒಂದು ಅಂಗೈಯಗಲದ ಹೆಂಟೆ ಎಬ್ಬಿಸಿಕೊಂಡ. ಕೈಯಲ್ಲಿ ಹಿಡಿದು ನಿಂತ. ಎಲ್ಲಿ ಇಡುವುದು? ಅವನದು ಮೇಲ್ಮಹಡಿಯ ಬಾಡಿಗೆ ಖೋಲಿ, ಬಿಸಿಲಿನ ಮುಖ ಕಾಣದ್ದು. ಭಾಗೀರಥಿ ಸೈಕಲ್ಲು ಹತ್ತಿ ಮನೆಗೆ ಹೋಗಿ ಅವ್ವನ ಶೇಂಗಾ ಎಣ್ಣೆಯ ಡಬ್ಬಿ ತಂದಳು. ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದರು. ನಾನು ಅದರಲ್ಲಿ ಕುಳಿತೆ.

"ಇದು ಕೊಟ್ಟದ್ದಲ್ಲ, ಕಡಾ," ಎಂದ ಫಕೀರಪ್ಪ. "ಮಣ್ಣು ಸಿಕ್ಕ ದಿನ ನನಗ ತಿರುಗಿ ಮುಟ್ಟಿಸಬೇಕು."

"ಕರಿಕಿ ನೀವು ಕೊಟ್ಟ ಕಡಾ, ಡಬ್ಬಿ ನಮ್ಮವ್ವ ಕೊಟ್ಟ ಕಡಾ," ಎಂದಳು ಅವಳು. "ಅಕೀಗೆ ಇನ್ನೂ ಗೊತ್ತಿಲ್ಲ, ಅದೊಂದ ಕಾಕಾ."

ಗೊತ್ತಾದ ಮೇಲೆ ಚನ್ನವ್ವ ಮೂರು ದಿನ ಡಬ್ಬಿಯ ಮಾತೇ ಆಡಿದಳು. ಅದು ಎಂಥ ಗಟ್ಟಿ ಡಬ್ಬಿ, ಎಷ್ಟು ಹಳೆಯದು, ಅದಕ್ಕೆ ತೂತು ಹೊಡೆಯಲು ಯಾರಿಗಾದರೂ ಮನಸ್ಸು ಬರುತ್ತದೆಯೇ ಎಂದು. ನಾಲ್ಕನೆಯ ದಿನದಿಂದ ಅಕ್ಕಿ ತೊಳೆದ ನೀರು ತಾನಾಗಿ ನನ್ನ ಬುಡಕ್ಕೆ ಬಂತು. ಚನ್ನವ್ವನ ಅಂಗಳದಲ್ಲಿ ನನಗಿದ್ದ ವೈರಿ ಎಂದರೆ ರಾಣಿ ಎಂಬ ಆಡು. ಒಂದು ಮಧ್ಯಾಹ್ನ ಅವಳು ನನ್ನನ್ನು ಮಣ್ಣಿನ ಮಟ್ಟಕ್ಕೆ ಮೇಯ್ದು ತೇಗಿದಳು. ಭಾಗೀರಥಿ ಡಬ್ಬಿ ತಬ್ಬಿಕೊಂಡು ಅತ್ತಳು. ಕಡ ತಂದದ್ದನ್ನು ಆಡಿಗೆ ತಿನ್ನಿಸಿದೆನೆಂದು ಕಾಕಾನಿಗೆ ಹೇಗೆ ಹೇಳಲಿ ಎಂಬ ಸಂಕಟ ಅವಳಿಗೆ. ಒಳಗೆ ಬೇರಿನಲ್ಲಿ ನಾನು ನಗುತ್ತಿದ್ದೆ. ಎಂಟು ದಿನಕ್ಕೆ ಹಸಿರು ಮೂಗು ತೋರಿಸಿದೆ.

ಅತ್ತ ಮೈದಾನದಲ್ಲಿ ಹೊಸಬ ಬಂದು ಮಲಗಿದ. ಎಂಥ ಹಸಿರು ಅಂತೀರಿ. ನಾನು ಶ್ರಾವಣದಲ್ಲೂ ಅಷ್ಟು ಹಸಿರಾದದ್ದಿಲ್ಲ. ಹಾಸಿದ ಮರುದಿನ ಬೆಳಿಗ್ಗೆ, ಭಾಗೀರಥಿ ನನ್ನನ್ನು ಡಬ್ಬಿಸಮೇತ ತಂದು ಗೋಲಿನ ಹಿಂದೆ ಇಟ್ಟಿದ್ದಳು. ಆಗ ಕಂಡ ನೋಟ ಇದು. ಫಕೀರಪ್ಪ ರೂಢಿಯಂತೆ ಬಂದ, ರೂಢಿಯಂತೆ ನಳ ತಿರುವಿದ, ಪೈಪು ಹಿಡಿದು ಬಾಯಲ್ಲಿ ಏನೋ ಭಜನೆ ಗುನುಗುತ್ತ ಪ್ಲಾಸ್ಟಿಕ್ ಹುಲ್ಲಿಗೆ ಅರ್ಧ ಮೈದಾನ ನೀರು ಹೊಡೆದ. ಹುಡುಗರು ಮೊಬೈಲು ಹಿಡಿದು ನಗತೊಡಗಿದಾಗಲೇ ಅವನಿಗೆ ಎಚ್ಚರ.

ಅಷ್ಟರಲ್ಲಿ ದೇಶನೂರ ಸಾಹೇಬರೂ ಬಂದಿದ್ದರು. "ಫಕೀರಪ್ಪಾ, ನಾಳೆ ಗೊಬ್ಬರಾನೂ ಹಾಕಾಂವ ಏನು?"

"ಕೈ ರೂಢಿರಿ ಸಾಹೇಬ್ರ," ಎಂದ ಅವನು.

ಪೈಪು ಸುತ್ತಿ ಸ್ಟೋರಿನಲ್ಲಿಟ್ಟು ಬೀಗ ಹಾಕಿಸಿದರು. ಊರೆಲ್ಲ ಆ ವಿಡಿಯೋ ನೋಡಿ ನಕ್ಕಿತು. ನಗದೆ ಇದ್ದವಳು ಭಾಗೀರಥಿ. ಆ ದಿನ ಅಭ್ಯಾಸದಲ್ಲಿ ಒಣ ಅರ್ಧದಲ್ಲಿ ಬಿದ್ದಾಗ ಅವಳ ಮೊಣಕೈ ಕೆತ್ತಿ ರಕ್ತ ಬಂದಿತ್ತು. ನೀರು ಬಿದ್ದ ಅರ್ಧದಲ್ಲಿ ಸುಮ್ಮನೆ ಜಾರಿತ್ತು. ಅದನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡಳು.

ಆಟದ ಮಾಸ್ತರರು ಒಮ್ಮೆ, ಡಬ್ಬಿ ಹೊತ್ತು ತರುವ ಬದಲು ಇದೇ ಹುಲ್ಲಿನ ಇಪ್ಪತ್ತೊಂದು ಎಳೆ ಕತ್ತರಿಸಿ ಏರಿಸಬಾರದೇ ಎಂದು ಕೇಳಿದರು. ಫಕೀರಪ್ಪ ತಲೆ ಕೆರೆದುಕೊಂಡು, "ಆನಿ ಬಾಯಿಗೆ ಹತ್ತದ್ದು ಗಣಪ್ಪನ ಬಾಯಿಗೆ ಹೆಂಗ ಹತ್ತೀತ್ರಿ ಸರ?" ಎಂದ. ಅಲ್ಲಿಗೆ ಆ ಮಾತು ಮುಗಿಯಿತು.

ಹೀಗೆ ಪ್ರತಿ ಪಂದ್ಯಕ್ಕೂ ನಾನು ಹೋಗುತ್ತಿದ್ದೆ, ಹೊಸಬನೊಂದಿಗೆ ಮಾತೂ ಬೆಳೆಯಿತು. ಅವನಲ್ಲಿ ಜಂಬವಿರಲಿಲ್ಲ. ಮಳೆಯಲ್ಲಿ ಒಂದೂ ಪಂದ್ಯ ನಿಲ್ಲದಂತೆ ಕಾಯ್ದ. ಅದು ನನ್ನಿಂದ ಆಗದ ಕೆಲಸ, ಒಪ್ಪಿಕೊಂಡೆ. ಬೆಳೆಯುವುದೆಂದರೆ ಏನು ಎಂದು ಅವನು ಕೇಳಿದ. ಡಬ್ಬಿಯ ಅಂಚಿನಾಚೆ ಒಂದು ಹೊಸ ಎಳೆ ಚಾಚಿ ತೋರಿಸಿದೆ. ಸುಡುವುದೆಂದರೆ ಏನು ಎಂದು ನಾನು ಕೇಳಿದೆ. ಚೈತ್ರ ಬರಲಿ, ಹೇಳುತ್ತೇನೆ ಎಂದ.

ಚೈತ್ರ ಬಂತು. ಕಾಲೇಜು ಕಾಲೇಜುಗಳ ನಡುವಿನ ಪಂದ್ಯದ ಅಂತಿಮ ದಿನ, ಮಧ್ಯಾಹ್ನ ಮೂರು ಗಂಟೆ. ಹೊಸಬನ ಮೈಯಿಂದ ಟೈರಿನ ವಾಸನೆ ಏಳುತ್ತಿತ್ತು. ಎದುರು ತಂಡದ ಹುಡುಗಿಯೊಬ್ಬಳು ಬೂಟು ಬದಲಿಸಲು ಬರಿಗಾಲು ಊರಿ ಚಂಗನೆ ನೆಗೆದಳು. ರೆಫರಿ ಬಗ್ಗಿ ಅಂಗೈ ಇಟ್ಟು ನೋಡಿ, ಇದು ತಣಿಯುವ ತನಕ ಸೀಟಿ ಊದುವುದಿಲ್ಲ ಎಂದರು. ತಣಿಯದಿದ್ದರೆ ಪಂದ್ಯ ಬೇರೆ ಊರಿಗೆ. ವೇದಿಕೆಯ ಮೇಲೆ ಅತಿಥಿಗಳು ಬೆವರು ಒರೆಸುತ್ತಿದ್ದರು, ದೇಶನೂರ ಸಾಹೇಬರು ಎಲ್ಲರಿಗಿಂತ ಹೆಚ್ಚು.

ಭಾಗೀರಥಿ ಗ್ಲೌಸು ಹಾಕಿದ ಕೈಯನ್ನೇ ಜೋಡಿಸಿ ಅವರ ಮುಂದೆ ನಿಂತಳು. "ಸರ, ಫಕೀರಪ್ಪ ಕಾಕಾ ಅವತ್ತ ನೀರು ಹೊಡೆದ ಕಡೆ ನಾ ಬಿದ್ದರ ಏನೂ ಆಗಿರಲಿಲ್ರಿ. ಇದಕ್ಕೂ ನೀರು ಬೇಕ್ರಿ. ಅವರನ್ನ ಕರಸ್ರಿ."

ಸಾಹೇಬರು ಅವಳನ್ನು ನೋಡಿದರು, ಮೈದಾನವನ್ನು ನೋಡಿದರು. ಆಮೇಲೆ ಜೇಬಿನಿಂದ ಸ್ಟೋರಿನ ಕೀಲಿ ತೆಗೆದು ತಾವೇ ಬೇವಿನ ಮರದ ಕಡೆಗೆ ನಡೆದರು. ಕೊನೆಯ ತಿಂಗಳು ಎಣಿಸುತ್ತ ಫಕೀರಪ್ಪ ಅಲ್ಲಿ ಗಣಪ್ಪನ ಪಕ್ಕ ಕುಳಿತಿದ್ದ.

ಅದೇ ಪೈಪು, ಅದೇ ಭಜನೆ. ಈ ಸಲ ನಗುವ ಬದಲು ಜನ ಚಪ್ಪಾಳೆ ಹೊಡೆದರು. ನೀರು ಬಿದ್ದೊಡನೆ ಹೊಸಬ ಹೊಗೆಯಂತೆ ಆವಿ ಬಿಟ್ಟು, "ಉಸ್ಸಪ್ಪಾ," ಎಂದದ್ದು ನನಗೆ ಮಾತ್ರ ಕೇಳಿಸಿತು. ಪಂದ್ಯ ನಡೆಯಿತು. ನಮ್ಮವರು ಒಂದು ಗೋಲಿನಿಂದ ಸೋತರು. ಆದರೆ ಭಾಗೀರಥಿ ತಡೆದ ಆರು ಹೊಡೆತಗಳ ಮಾತೇ ಸಂಜೆಯೆಲ್ಲ. ಕತ್ತಲಾಗುವ ಮುಂಚೆ ಸಾಹೇಬರು ಫಕೀರಪ್ಪನ ಹತ್ತಿರ ಬಂದು, "ಜೂನಿನಾಗ ಎಲ್ಲಿಗೂ ಹೋಗಬ್ಯಾಡಪಾ," ಎಂದರು. ಅವನು ಮತ್ತೆ ಟವೆಲ್ಲು ತೆಗೆದು ಜಾಡಿಸಿದ. ಈ ಸಲ ಕಣ್ಣಿಗೂ ಒತ್ತಿಕೊಂಡ.

ಅದಾಗಿ ಏಳು ವರ್ಷ. ಹೊಸಬ ಹಳಬನಾದ. ಎಳೆಗಳು ಮಲಗಿದವು, ಹೊಲಿಗೆ ಬಿಟ್ಟಿತು. ಅವನ ಜಾಗಕ್ಕೆ ಅವನದೇ ಜಾತಿಯ ಇನ್ನೊಬ್ಬ ಬಂದ. ಹಳಬನ ಒಂದು ತುಂಡನ್ನು ಗಣಪ್ಪನ ಮುಂದೆ ಹಾಸಿದ್ದಾರೆ. ಕೈಮುಗಿಯುವವರ ಕಾಲಿಗೆ ಕಲ್ಲು ಒತ್ತದಂತೆ ಅಲ್ಲಿ ಬಿದ್ದುಕೊಂಡಿದ್ದಾನೆ. ನಾನು ತಲೆಯ ಮೇಲೆ, ಅವನು ಪಾದದ ಕೆಳಗೆ. ಇಬ್ಬರೂ ಒಬ್ಬನದೇ ಸೇವೆಯಲ್ಲಿ. ಇದರಲ್ಲಿ ಯಾರು ಹೆಚ್ಚು ಎಂದು ಕೇಳುವ ವಯಸ್ಸು ನಮ್ಮಿಬ್ಬರಿಗೂ ದಾಟಿತು.

ಭಾಗೀರಥಿ ಈಗ ಅದೇ ಕಾಲೇಜಿನಲ್ಲಿ ಆಟದ ಟೀಚರು. ಕಾಲೇಜಿನ ಮೇಲ್ಭಾಗದಲ್ಲಿ ಹೊಸದಾಗಿ ಮಾಡುವ ಸಣ್ಣ ಮೈದಾನವಾದರೂ ಮಣ್ಣಿನದಾಗಿರಲಿ, ಬೀಳಲು ಕಲಿಯುವವರು ಅಲ್ಲಿ ಕಲಿಯಲಿ ಎಂದು ಹಟ ಹಿಡಿದು ಒಪ್ಪಿಸಿದಳು. ಇಂದು ಬೆಳಿಗ್ಗೆ ಮತ್ತೆ ಅದೇ ಮಿರಗ, ಅದೇ ಜರಡಿ ಹಿಡಿದ ಮಳೆ. ಈ ತಿಂಗಳು ನಿವೃತ್ತನಾಗುವ ಫಕೀರಪ್ಪ ಹೊಸ ಗೋಲಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಅವಳು ಡಬ್ಬಿಯನ್ನು ಎರಡೂ ಕೈಯಿಂದ ಅವನ ಮುಂದೆ ಇಟ್ಟಳು. ನಾನು ಅಂಚು ಮೀರಿ ನಾಲ್ಕೂ ಕಡೆ ಇಳಿಬಿದ್ದಿದ್ದೆ.

ಅವನು ಬಗ್ಗಿ ಮೂಸಿದ. ಮುರಿದ, ಊರಿದ, ಒತ್ತಿದ. ಹೆಬ್ಬೆರಳು ಒತ್ತುವುದು ಇಂದಿಗೂ ಅಷ್ಟೇ ಮೆತ್ತಗೆ. ಸಾಲು ಮುಗಿಯುವ ಹೊತ್ತಿಗೆ ಡಬ್ಬಿ ಬರಿದಾಯಿತು. ಅದರ ಹೊರಮೈಯ ಕೆಸರನ್ನು ಟವೆಲ್ಲಿನಿಂದ ಒರೆಸಿ, ಒಂದು ಹಿಡಿ ಮಣ್ಣು ಹಾಕಿ, ಕೊನೆಯ ಗೆಣ್ಣನ್ನು ಅದರಲ್ಲೇ ಊರಿದ. ಆಮೇಲೆ ಚನ್ನವ್ವನ ಡಬ್ಬಿಯನ್ನು ಅವಳ ಮಗಳ ಕೈಗಿತ್ತ.