ಮಾಮನ ಹೆಲ್ಮೆಟ್

ಮಕ್ಕಳ ಹಠ ಎಲ್ಲರ ಮನೆಯಲ್ಲೂ ಇರುವುದೇ. ಬಟ್ಟೆ ಹೊಲಿಯುವ ಈ ತಾಯಿಯ ಮನೆಯಲ್ಲಿ ಒಂಬತ್ತು ವರ್ಷದ ಮಗಳ ಹಠ ಒಂದೇ: ಕಾರ್ಟ್ ಓಡಿಸಬೇಕು. ನೆಲಕ್ಕೆ ಅಂಟಿಕೊಂಡಂತೆ ಓಡುವ ಆ ಪುಟ್ಟ ರೇಸ್ ಗಾಡಿಯ ಹುಚ್ಚು ಹಿಡಿಸಿದವನು ಸೋದರಮಾವ. ತಾನೇ ಕಲಿಸುತ್ತೇನೆ ಎಂದಿದ್ದ. ಕಳೆದ ವರ್ಷ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟ.

ತಾಯಿ ಬೇಡವೆಂದೇ ವರ್ಷ ಕಳೆದಳು. ಮಗಳು ಕೇಳುವುದನ್ನೇ ಬಿಟ್ಟು ಮಂಕಾದಾಗ, ಹೆದರಿ ಒಪ್ಪಿದಳು. ಷರತ್ತು ಒಂದೇ: ಮಾಮನ ಹೆಲ್ಮೆಟ್ಟೇ ಹಾಕಿಕೊಳ್ಳಬೇಕು. ಆಸ್ಪತ್ರೆಯವರು ಚೀಲದಲ್ಲಿ ಕೊಟ್ಟು ಕಳಿಸಿದ್ದ ಹೆಲ್ಮೆಟ್ ಅದು. ಸಡಿಲವಾಗುತ್ತದೆಂದು ಒಳಗೆ ಸ್ಪಂಜು ತುಂಬಿ, ಮೇಲೆ ಹೊಸ ಲೈನಿಂಗ್ ಹೊಲಿದಳು.

ಟ್ರ್ಯಾಕಿನಲ್ಲಿ ಮಕ್ಕಳಿಗೆ ಕಲಿಸುವಾಕೆ ಇವರದೇ ಬೀದಿಯ ಮೆಕ್ಯಾನಿಕ್. ಹೆಲ್ಮೆಟ್ಟನ್ನು ತಿರುಗಿಸಿ ನೋಡಿದಳು.

"ಅಕ್ಕ, ಇದು ಆಗಲ್ಲ."

"ಯಾಕಮ್ಮಾ? ಒಂದು ಗೀರು ಬಿಟ್ರೆ ಹೊಸದರ ಹಾಗಿದೆ."

"ಪೆಟ್ಟು ತಿಂದಿದೆ. ಒಂದ್ಸಲ ಪೆಟ್ಟು ತಿಂದದ್ದು ಮತ್ತೆ ಕೆಲಸಕ್ಕೆ ಬರಲ್ಲ. ದೊಡ್ಡವರ ಅಳತೆ ಬೇರೆ. ಮಗೂ ಕತ್ತಿಗೆ ಭಾರ."

"ಹಾಗಾದ್ರೆ ಮನೆಗೆ ಹೋಗ್ತೀವಿ. ಇದಿದ್ರೆ ಅವನು ಜೊತೇಲಿದ್ದ ಹಾಗೆ ಅಂತ ತಾನೆ ನಾನು ಒಪ್ಪಿದ್ದು?"

ಮಗಳು ಗ್ಲೌಸ್ ಬಿಚ್ಚತೊಡಗಿದಳು. ಅಳಲಿಲ್ಲ. ಅದೇ ನೋಡಲಾಗದಂತಿತ್ತು.

ಮೆಕ್ಯಾನಿಕ್ ಪಕ್ಕದ ಗಾಡಿಯ ಎಂಜಿನ್ ಆರಿಸಿದಳು. ಸ್ಟೂಲ್ ಒರೆಸಿ ಎಳೆದು, ಕತ್ತರಿ ಕೊಟ್ಟಳು. "ನೀವೇ ಬಿಚ್ಚಿ ನೋಡಿ ಅಕ್ಕ. ನಾನು ಕೈ ಹಾಕಲ್ಲ."

ತಾಯಿ ತಾನು ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಸ್ಪಂಜು ತೆಗೆದು ಹಳೆಯ ಬಟ್ಟೆಯನ್ನೂ ಸರಿಸಿದಾಗ, ಗೀರು ಇದ್ದ ಬದಿಯಲ್ಲಿ, ಪೆಟ್ಟು ತಡೆಯುವ ಬಿಳಿ ಥರ್ಮಾಕೋಲು ತಗ್ಗಾಗಿತ್ತು. ಅವಳ ಹೆಬ್ಬೆರಳು ಅದರೊಳಗೆ ಕೂತಿತು. ಅಲ್ಲಿಂದ ಒಂದು ಬಿರುಕು.

"ನಾನೇ ಮುಚ್ಚಿ ಹೊಲಿದೆನಲ್ಲ..." ಎಂದಳು. ಬಿರುಕಿನುದ್ದಕ್ಕೂ ಬೆರಳಾಡಿಸಿ, "ಇಷ್ಟಾದ್ರೂ ಅವನು ಉಳೀಲಿಲ್ಲ."

"ಇಲ್ಲ ಅಕ್ಕ. ಕೆಲವು ಪೆಟ್ಟಿಗೆ ಯಾವ ಹೆಲ್ಮೆಟ್ಟೂ ಸಾಲಲ್ಲ, ಸುಳ್ಳು ಹೇಳಲ್ಲ. ಅದಕ್ಕೇ ಮಕ್ಕಳಿಗೆ ನಿಧಾನದ ಗಾಡಿ. ಬ್ರೇಕ್ ಹಿಡಿಯೋದು ಬರೋತನಕ ವೇಗ ಕೊಡಲ್ಲ."

ಟ್ರ್ಯಾಕಿನ ಮಕ್ಕಳ ಹೆಲ್ಮೆಟ್ಟುಗಳನ್ನು ತಂದಿಟ್ಟಳು. "ಅಳತೆ ನಿಮ್ಮ ಕಸುಬು. ಅಲ್ಲಾಡಿಸಿ ನೋಡಿ. ಹೆಲ್ಮೆಟ್ ಜೊತೆ ಕೆನ್ನೆಯೂ ಅಲ್ಲಾಡ್ಬೇಕು, ಅಷ್ಟು ಬಿಗಿ ಇರ್ಬೇಕು."

ಮೂರನೆಯದು ಸರಿಹೋಯಿತು. ತಾಯಿ ಪಟ್ಟಿ ಬಿಗಿದಳು, ಜಡೆಯನ್ನು ಅಂಗಿಯೊಳಗೆ ಸೇರಿಸಿದಳು. ಪೆಡಲಿಗೆ ಕಾಲು ಎಟುಕುತ್ತದೆಯೇ ಎಂದು ಬಗ್ಗಿ ನೋಡಿದಳು.

ಮೊದಲ ಸುತ್ತು ಮುಗಿಸಿದ ಮಗಳು ಕೂಗಿದಳು, "ಏನಕ್ಕಾ ಇದು! ನಮ್ಮಮ್ಮ ಹೊಲಿಗೆ ಮಷೀನೇ ಇದಕ್ಕಿಂತ ಜೋರಾಗಿ ಓಡಿಸ್ತಾಳೆ!"

ತಾಯಿ ನಗಲಿಲ್ಲ. ಐದು ಸುತ್ತು ಮುಗಿಯುವವರೆಗೆ ಬೇಲಿಯ ತಂತಿ ಹಿಡಿದೇ ನಿಂತಿದ್ದಳು. ಕೈ ಬಿಟ್ಟಾಗ ಅಂಗೈಯಲ್ಲಿ ತಂತಿಯ ಗುರುತು ಮೂಡಿತ್ತು. "ಮುಂದಿನ ವಾರ ಎಷ್ಟು ಗಂಟೆಗೆ ಬರ್ಲಿ?" ಎಂದಷ್ಟೇ ಕೇಳಿದಳು.

ಅಮ್ಮಂದಿರೇ, ಅಪ್ಪಂದಿರೇ, ನಿಮಗೂ ಭಯವಿದ್ದರೆ ಇರಲಿ. ಭಯವಿರುವವರೇ ಎರಡು ಸಲ ನೋಡುತ್ತಾರೆ. ಮಗು ಕಾರ್ಟ್ ಕಲಿಯಬೇಕೆಂದರೆ, ಕಲಿಸುವವರಿರುವ ಟ್ರ್ಯಾಕಿಗೇ ಕರೆದುಕೊಂಡು ಹೋಗಿ. ನಿಧಾನದ ಗಾಡಿಯಲ್ಲಿ ಕೂರಿಸಿ. ಅದರ ತಲೆಯ ಅಳತೆಯ ಹೆಲ್ಮೆಟ್ಟನ್ನೇ ಹಾಕಿ. ಪೆಟ್ಟು ತಿಂದದ್ದು ಯಾರ ನೆನಪೇ ಆಗಿರಲಿ, ಕಪಾಟಿನಲ್ಲಿಡಿ. ಮಗುವಿನ ತಲೆಗೆ ಇಡಬೇಡಿ.