ಟವೆಲ್ಲಿನ ಕೆಳಗಿನ ಉತ್ತರ

ಹಿರೇಹಡಗಲಿಯ ಹೊನ್ನೂರಸ್ವಾಮಿ ಇಪ್ಪತ್ತೆರಡು ವರ್ಷ ಫೌಜಿನಲ್ಲಿದ್ದರೂ ಯಾರ ಮೇಲೂ ಒಂದು ಗುಂಡು ಹಾರಿಸಿದವನಲ್ಲ. ಅವನದು ಸ್ಟೋರಿನ ಕೆಲಸ. ಕಂಬಳಿ, ಬೂಟು, ಸ್ವೆಟರು, ಟೆಂಟಿನ ಗೂಟ, ಎಲ್ಲವೂ ಅವನ ಕೈಮೇಲೇ ಒಳಗೆ ಬಂದು ಅವನ ಕೈಮೇಲೇ ಹೊರಗೆ ಹೋಗಬೇಕು. ಹವಾಲ್ದಾರನಾಗಿ ನಿವೃತ್ತನಾಗಿ ಊರಿಗೆ ಬಂದು ಎಷ್ಟೋ ವರ್ಷವಾಯಿತು, ಆ ಕಣ್ಣು ಮಾತ್ರ ಹೋಗಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತಾನೆ. ಯಾವುದರ ಹೊಲಿಗೆ ಬಿಟ್ಟಿದೆ, ಯಾವುದರದು ಇನ್ನೆರಡು ತಿಂಗಳಿಗೆ ಬಿಡುತ್ತದೆ ಎಂದು ಹೇಳಿಯೇ ಒಳಗೆ ಕಾಲಿಡುತ್ತಾನೆ. ಮದುವೆ ಮನೆಯಲ್ಲೂ ಹೀಗೆ ಮಾಡುತ್ತಾನೆಂದು ಹೆಂಡತಿ ಓಬಮ್ಮನಿಗೆ ನಾಚಿಕೆ.

ಅಂಥವನ ಮಗನಿಗೇ ಬೂಟು ಕೈಕೊಟ್ಟಿತು.

ರಾಮಾಂಜಿನಿ ಅಪ್ಪನಂತೆಯೇ ಫೌಜು ಸೇರಿದ್ದ. ಒಂಬತ್ತನೇ ವರ್ಷ, ಎಲ್ಲೋ ಮೇಲೆ ಹಿಮದ ಠಾಣೆಯಲ್ಲಿದ್ದಾಗ, ಬಲಗಾಲಿನ ಬೂಟಿನ ಅಟ್ಟೆ ಮುಂದುಗಡೆ ಬಾಯಿ ಬಿಟ್ಟಿತು. ಹಗ್ಗದಿಂದ ಬಿಗಿದುಕೊಂಡು ಆರು ತಾಸು ನಡೆದು ಕೆಳಗೆ ಬಂದ. ಅಷ್ಟರಲ್ಲಿ ಮೂರು ಬೆರಳು ಸತ್ತುಹೋಗಿದ್ದವು, ಆಸ್ಪತ್ರೆಯಲ್ಲಿ ತೆಗೆದರು. ಅದಾದರೂ ಹೋಗಲಿ ಅನ್ನಬಹುದಿತ್ತು. ಆಮೇಲೆ ವಿಚಾರಣೆ ನಡೆಸಿದವರು ಬರೆದದ್ದು ಬೇರೆ: ಸಿಪಾಯಿ ಒದ್ದೆಯಾದ ಕಾಲುಚೀಲವನ್ನು ಬದಲಿಸಿಕೊಂಡಿಲ್ಲ, ಗಾಯಕ್ಕೆ ಅವನ ಸ್ವಂತ ನಿರ್ಲಕ್ಷ್ಯವೇ ಕಾರಣ. ಆ ಒಂದು ಸಾಲಿನ ಮೇಲೆ ಅವನನ್ನು ಮನೆಗೆ ಕಳಿಸಿದರು. ಬೂಟಿನ ಮಾತು ಕಾಗದದಲ್ಲಿ ಎಲ್ಲಿಯೂ ಇಲ್ಲ. ಎರಡು ಸಲ ಮೇಲ್ಮನವಿ ಹಾಕಿದರು, ಎರಡೂ ಸಲ ಅದೇ ಸಾಲು ಹೊಸ ಮೊಹರು ಹೊತ್ತು ತಿರುಗಿ ಬಂತು.

ಕುಂಟುವುದಕ್ಕೆ ರಾಮಾಂಜಿನಿ ಬೇಜಾರು ಮಾಡಿಕೊಂಡವನಲ್ಲ. ಆದರೆ ತಾಲ್ಲೂಕಿನ ಊರಾದ ಹಡಗಲಿಯ ಬಸ್‌ಸ್ಟ್ಯಾಂಡಿನಲ್ಲಿ ಫೌಜಿನ ಜೊತೆಯವನೊಬ್ಬ ನಗುತ್ತಾ, ಒಂದು ಜೊತಿ ಸಾಕ್ಸ್ ಬದಲ್ಸಾಕ ಬರ್ಲಿಲ್ಲೇನಲೇ ನಿನಗ ಅಂದಿದ್ದ. ಅಂದಿನಿಂದ ಅವನು ಹಡಗಲಿಗೆ ಹೋಗುವುದನ್ನೇ ಬಿಟ್ಟ. ಹೊನ್ನೂರಸ್ವಾಮಿಗೆ ಬೇಕಾಗಿದ್ದು ಅಷ್ಟೇ. ಆ ಸಾಲು ಹೋಗಬೇಕು, ತಪ್ಪು ಬೂಟಿನದು ಎಂದು ಬರೆದ ಒಂದು ಕಾಗದ ಬರಬೇಕು.

ಹೀಗಿರುವಾಗ ಕೊಟ್ಟೂರಿನ ಪಾಲಾಕ್ಷಪ್ಪನವರ ಫೋಟೋ ಪೇಪರಿನಲ್ಲಿ ಬಂತು. ಕುರಿ ದಲ್ಲಾಳಿಯ ಮಗ, ಈಗ ದಿಲ್ಲಿಯಲ್ಲಿ ಮೇಲ್ಮನೆಯ ಸದಸ್ಯ. ಮಿಲಿಟರಿಯ ಲೆಕ್ಕ ಕೇಳುವ ಸಂಸತ್ತಿನ ಸಮಿತಿಗೆ ಅವರನ್ನು ಹಾಕಿದ್ದರು. ಸುತ್ತಲಿನ ಊರುಗಳಲ್ಲಿ ಸುದ್ದಿ ಹಬ್ಬಿದ್ದು ಮಾತ್ರ ಬೇರೆ ಥರ: ಮಿಲಿಟರಿಯೆಲ್ಲ ಇನ್ನು ಪಾಲಾಕ್ಷಪ್ಪನ ಕೈಯಾಗ ಐತಂತ.

ಪಾಲಾಕ್ಷಪ್ಪನವರ ಮನೆಗೆ ಹೊನ್ನೂರಸ್ವಾಮಿ ಹೋದಾಗ ವರಾಂಡ ತುಂಬಿತ್ತು. ತೆಲಿಗಿಯ ಒಬ್ಬಾಕೆ ಮಗನನ್ನು ಅಸ್ಸಾಮಿನಿಂದ ಬೆಳಗಾವಿಗೆ ಹಾಕಿಸಿಕೊಡಿ ಎಂದು ಕೂತಿದ್ದಳು. ಕೂಡ್ಲಿಗಿ ಕಡೆಯವನೊಬ್ಬ ಮಿಲಿಟರಿ ಕ್ಯಾಂಟೀನಿನಲ್ಲಿ ಫ್ರಿಜ್ ಕೊಡಿಸಿ ಅನ್ನುತ್ತಿದ್ದ. ಅವನ ಮನೆತನದಲ್ಲಿ ಯಾರೂ ಫೌಜಿಗೆ ಹೋದವರಲ್ಲ, ಹೋಗುವ ಮನಸ್ಸು ಮಾತ್ರ ಎಲ್ಲರಿಗೂ ಇತ್ತಂತೆ. ಸಾಹೇಬರ ಆಪ್ತ ಸಹಾಯಕ ಪ್ರವೀಣಕುಮಾರ್, ಸಣ್ಣ ವಯಸ್ಸಿನ ಸಮಾಧಾನಿ, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. ಸಮಿತಿಯಲ್ಲಿ ಎರಡೂ ಸದನದವರು ಸೇರಿ ಮೂವತ್ತೊಂದು ಮಂದಿ. ಮಿಲಿಟರಿಗೆ ಕೊಟ್ಟ ದುಡ್ಡು ಎಲ್ಲಿ ಹೋಯಿತು, ಏನು ಕೊಂಡಿರಿ, ಏಕೆ ತಡವಾಯಿತು ಎಂದು ದೊಡ್ಡ ದೊಡ್ಡ ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ. ಕೇಳಿದ್ದನ್ನು ವರದಿ ಮಾಡಿ ಸದನದಲ್ಲಿ ಇಡುತ್ತಾರೆ. ಹೀಗೆ ಮಾಡಿದರೆ ಚಲೋ ಎಂದು ಸರ್ಕಾರಕ್ಕೆ ಹೇಳುತ್ತಾರೆ. ಮಾಡಿರಿ ಎಂದು ಹುಕುಂ ಕೊಡುವ ಹಾಗಿಲ್ಲ.

“ಅಂದ್ರ ಕೇಳೋದು ಅಷ್ಟೇ ಏನ್ರಿ?” ಎಂದ ಹೊನ್ನೂರಸ್ವಾಮಿ.

“ಕೇಳೋದೇ ದೊಡ್ಡ ಕೆಲಸ ಅಣ್ಣಾರ. ಕೇಳೋರು ಅದಾರ ಅಂತ ಅವರಿಗೆ ಗೊತ್ತಿರ್ಬೇಕಲ್ಲ.”

ಮಗನ ಕಾಗದವನ್ನು ಪ್ರವೀಣಕುಮಾರ್ ಪೂರ್ತಿ ಓದಿದ. ಒಬ್ಬ ಸಿಪಾಯಿಯ ಕೇಸನ್ನು ಸಮಿತಿ ಕೈಗೆತ್ತಿಕೊಳ್ಳುವುದಿಲ್ಲ, ಎಲ್ಲರಿಗೂ ಸಂಬಂಧಪಟ್ಟ ಪ್ರಶ್ನೆ ಇದ್ದರೆ ಕೊಡಿ, ಸಾಹೇಬರು ಕೇಳಿಯೇ ಕೇಳುತ್ತಾರೆ ಎಂದ.

ಹೊನ್ನೂರಸ್ವಾಮಿ ಎಂಟು ದಿನ ಕೂತು ಪ್ರಶ್ನೆ ಬರೆದ. ಸ್ಟೋರಿನವನ ಪ್ರಶ್ನೆ ಅದು, ಜಾರಿಕೊಳ್ಳಲು ಸಂದು ಬಿಟ್ಟಿರಲಿಲ್ಲ. ಹಿಮದ ಬೂಟುಗಳ ಯಾವ ಮಾಲಿನಲ್ಲಿ ಅಟ್ಟೆ ಬಿಟ್ಟ ದೂರು ಎಷ್ಟು ಬಂದಿವೆ, ಮಾಲು ಒಳಗೆ ತೆಗೆದುಕೊಳ್ಳುವಾಗ ಚಳಿಯಲ್ಲಿಟ್ಟು ನೋಡಿದ್ದರೋ ಇಲ್ಲವೋ, ನೋಡಿದ್ದರೆ ಸಹಿ ಯಾರದು, ಆ ಮಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೀರೋ ಇಲ್ಲವೋ. ಬರೆದು ಮುಗಿಸಿ ಹೆಂಡತಿಗೂ ಮಗನಿಗೂ ಓದಿ ಹೇಳಿದ. ಓಬಮ್ಮ ಮೊರದಲ್ಲಿದ್ದ ಜೋಳ ಕೇರುವುದನ್ನು ನಿಲ್ಲಿಸಿದಳು.

“ಇದರಾಗ ನನ್ನ ಮಗನ ಹೆಸರೆಲ್ಲೈತಿ?”

ಹೆಸರು ಹಾಕಿದರೆ ತೆಗೆದುಕೊಳ್ಳುವುದಿಲ್ಲ, ಬೂಟಿನ ತಪ್ಪು ಒಮ್ಮೆ ಒಪ್ಪಿಕೊಂಡರೆ ಹೆಸರು ತಾನೇ ಬರುತ್ತದೆ ಎಂದು ಅವನು ಸಮಜಾಯಿಷಿ ಹೇಳಿದ. ಅವಳು ಮತ್ತೆ ಮೊರ ಎತ್ತಿಕೊಂಡಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ಕಾಯುವುದು ಶುರುವಾಯಿತು. ಸಮಿತಿ ಕೂತ ದಿನ ಪ್ರವೀಣಕುಮಾರನೇ ಫೋನ್ ಮಾಡಿ, ಸಾಹೇಬರು ಪ್ರಶ್ನೆಯನ್ನು ಬಿಡದೆ ಕೇಳಿದರು, ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು ಎಂದ. ಹೊನ್ನೂರಸ್ವಾಮಿಗೆ ಅಂದು ಎರಡು ರೊಟ್ಟಿ ಹೆಚ್ಚಿಗೆ ಸೇರಿದವು. ಉತ್ತರ ಏನು ಬಂತು ಎಂದು ಕೇಳಿದರೆ, ಬರವಣಿಗೆಯಲ್ಲಿ ಕೊಡುತ್ತೇವೆ ಅಂದಿದ್ದಾರೆ ಎಂಬ ಮಾತು ಬಂತು. ತಿಂಗಳು ಬಿಟ್ಟು ಕೇಳಿದರೆ ಇನ್ನೂ ಕೊಟ್ಟಿಲ್ಲ. ಮತ್ತೊಂದು ತಿಂಗಳು ಬಿಟ್ಟು ಕೇಳಿದರೆ ಕೊಟ್ಟಿದ್ದಾರೆ, ಆದರೆ ಸಮಿತಿಯ ಒಳಗಿನ ಮಾತು ವರದಿ ಬರುವ ತನಕ ಹೊರಗೆ ಹೇಳುವ ಹಾಗಿಲ್ಲ. ಹಾಗಾದರೆ ವರದಿ ಯಾವಾಗ? ಅಧಿವೇಶನಕ್ಕೆ. ಅಧಿವೇಶನ ಯಾವಾಗ? ಅದು ಸರ್ಕಾರ ಕರೆದಾಗ. ಫೋನು ಇಟ್ಟ ಮೇಲೆ ಅವನು ಅಂಗಳದಲ್ಲಿ ಕಟ್ಟಿದ್ದ ಟಗರಿಗೆ, ನೀನಾರ ಒಂದು ಮಾತು ನೆಟ್ಟಗ ಹೇಳಲೇ ಅಂದನಂತೆ. ಓಬಮ್ಮ ಇದನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ನಕ್ಕಳು. ನಗುವ ಮೊದಲು ಒಂದು ಗಳಿಗೆ ಅತ್ತಿದ್ದನ್ನು ಹೇಳಲಿಲ್ಲ.

ಕೊನೆಗೆ ವರದಿ ಬಂತು. ಪ್ರವೀಣಕುಮಾರ್ ಅದನ್ನು ಮೊಬೈಲಿಗೆ ಕಳಿಸಿ, ಅರವತ್ತೇಳನೇ ಪುಟ ನೋಡಿ ಎಂದ. ಇಂಗ್ಲಿಷ್ ಬಲ್ಲವನು ಮನೆಯಲ್ಲಿ ರಾಮಾಂಜಿನಿ ಒಬ್ಬನೇ. ಅವನು ಪರದೆಯನ್ನು ಬೆರಳಿನಿಂದ ದೊಡ್ಡದು ಮಾಡಿ ಕನ್ನಡದಲ್ಲಿ ಹೇಳುತ್ತಾ ಹೋದ. ಹಿಮದ ಬೂಟುಗಳ ಗುಣಮಟ್ಟದ ಬಗ್ಗೆ ಸಮಿತಿಯು ವಿಚಾರಿಸಿತು. ಅದಕ್ಕೆ ಇಲಾಖೆಯು ಲಿಖಿತವಾಗಿ ಹೀಗೆ ತಿಳಿಸಿತು. ಅಲ್ಲಿಗೆ ನಿಂತ.

“ಮುಂದ ಓದಪ್ಪ.”

“ಮುಂದ ಚುಕ್ಕಿ ಅದಾವ. ಚುಕ್ಕಿ, ಚುಕ್ಕಿ, ಚುಕ್ಕಿ. ಆರು ಸಾಲು ಬರೇ ಚುಕ್ಕಿ.”

ಹೊನ್ನೂರಸ್ವಾಮಿ ಮೊಬೈಲು ಕಸಿದುಕೊಂಡು ನೋಡಿದ. ಖರೆ. ಮಕ್ಕಳು ಸ್ಲೇಟಿನ ಮೇಲೆ ಬರೆಯುವಂಥ ನಕ್ಷತ್ರ, ಸಾಲು ಸಾಲಾಗಿ. ದೇಶದ ಭದ್ರತೆಗೆ ಸಂಬಂಧಪಟ್ಟದ್ದನ್ನು ಅಚ್ಚು ಹಾಕುವಾಗ ಹೀಗೆ ಮುಚ್ಚುತ್ತಾರೆ ಎಂದು ಪ್ರವೀಣಕುಮಾರ್ ಫೋನಿನಲ್ಲಿ ತಿಳಿಸಿ ಹೇಳಿದ. ಚುಕ್ಕಿಗಳು ಮುಗಿದ ಮೇಲೆ ಕೊನೆಗೊಂದು ಸಾಲಿತ್ತು: ಮುಂದೆ ಸೂಕ್ತ ಎಚ್ಚರ ವಹಿಸಲಾಗುವುದೆಂದು ಸಮಿತಿಯು ಆಶಿಸುತ್ತದೆ.

ಬೂಟಿನ ಅಟ್ಟೆ ದೇಶದ ಗುಟ್ಟು ಹೇಗಾಯಿತು ಎಂದು ಎರಡು ದಿನ ಒದ್ದಾಡಿ, ಮೂರನೆಯ ದಿನ, ಭಾನುವಾರ, ಅವನು ಮಗನನ್ನು ಎಬ್ಬಿಸಿಕೊಂಡು ಕೊಟ್ಟೂರಿಗೆ ಹೊರಟ. ರಾಮಾಂಜಿನಿ ಬರುವುದಿಲ್ಲವೆಂದ. ಅವನ ಕಾಲನ್ನು ಅವರು ಕಣ್ಣಾರೆ ನೋಡಲಿ ಎಂದು ಓಬಮ್ಮ ಹಟ ಹಿಡಿದು ಕಳಿಸಿದಳು. ಬಂದವನು ಸಾಹೇಬರ ಮನೆಯ ಒಳಗೆ ಮಾತ್ರ ಕಾಲಿಡಲಿಲ್ಲ, ವರಾಂಡದ ಬೆಂಚಿನ ಮೇಲೆ ಕೂತುಬಿಟ್ಟ.

ಪಾಲಾಕ್ಷಪ್ಪ ಬನಿಯನ್ನಿನಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಹೊನ್ನೂರಸ್ವಾಮಿಯನ್ನು ಎದುರಿಗೆ ಕೂಡಿಸಿಕೊಂಡು, ತಟ್ಟೆಯನ್ನು ಅವನ ಕಡೆ ಸರಿಸಿ, ನಿಮ್ಮ ಪ್ರಶ್ನೆಯಂಥ ಪ್ರಶ್ನೆಯನ್ನು ಸಮಿತಿಯ ಕೋಣೆಯಲ್ಲಿ ನಾನು ಕೇಳೇ ಇರಲಿಲ್ಲ ಎಂದರು. ಉತ್ತರವನ್ನು ತಾವು ಓದಿದ್ದುಂಟು, ಆದರೆ ಅದನ್ನು ಬಾಯಿ ಬಿಟ್ಟು ಹೇಳಿದರೆ ಸದನದ ಹಕ್ಕಿಗೆ ಚ್ಯುತಿ, ತಮ್ಮ ಸದಸ್ಯತ್ವಕ್ಕೇ ಕುತ್ತು ಬರುತ್ತದೆ ಎಂದರು. ಹೊನ್ನೂರಸ್ವಾಮಿ ಬೇಡಿಕೊಂಡ. ಅವರು ತಲೆ ಅಲ್ಲಾಡಿಸಿದರು. ಮತ್ತೆ ಬೇಡಿಕೊಂಡ. ಅವರು ಚಹಾ ತರಲು ಪ್ರವೀಣಕುಮಾರನನ್ನು ಒಳಗೆ ಕಳಿಸಿದರು.

ಆಗ ಹೊನ್ನೂರಸ್ವಾಮಿಗೆ ಹೊಳೆಯಿತು. ಈ ಸೀಮೆಯ ಕುರಿ ಸಂತೆ ನೋಡಿದವರಿಗೆ ಗೊತ್ತು. ಕೊಡುವವನೂ ಕೊಳ್ಳುವವನೂ ಕೈಯ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ರೇಟು ಮಾತಾಡುತ್ತಾರೆ. ಸುತ್ತ ನೂರು ಮಂದಿ ನಿಂತಿದ್ದರೂ ತುಟಿ ಅಲುಗುವುದಿಲ್ಲ. ಆ ರೇಟನ್ನು ಮೂರನೆಯವನಿಗೆ ಹೇಳಿದವನ ಕೈಯನ್ನು ಆಮೇಲೆ ಸಂತೆಯಲ್ಲಿ ಯಾರೂ ಹಿಡಿಯುವುದಿಲ್ಲ. ಹೊನ್ನೂರಸ್ವಾಮಿಯ ಅಪ್ಪನೂ ಪಾಲಾಕ್ಷಪ್ಪನವರ ಅಪ್ಪನೂ ಬದುಕಿದ್ದೇ ಹಾಗೆ. ಅವನು ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಬಲಗೈ ಮೇಲೆ ಹಾಕಿಕೊಂಡು ಮುಂದೆ ಚಾಚಿದ.

“ಬಾಯಿ ಬಿಡಬ್ಯಾಡ್ರಿ ಸಾಹೇಬ್ರ. ಬೂಟು ಕೆಟ್ಟಿದ್ದು ಖರೆ ಆದ್ರ ಒಂದು ಬೆರಳು ಒತ್ರಿ. ಸುಳ್ಳಾದ್ರ ಮುಂಗೈ ಹಿಡೀರಿ.”

ಪಾಲಾಕ್ಷಪ್ಪ ಮೊದಲು ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿದರು. ಚಾಚಿದ ಕೈ ನೋಯತೊಡಗಿತು, ಹೊನ್ನೂರಸ್ವಾಮಿ ಅದನ್ನು ಇಳಿಸಲಿಲ್ಲ. ಕೊನೆಗೆ ಟವೆಲ್ಲಿನ ಕೆಳಗೆ ಒಂದು ಬೆವೆತ ಕೈ ಬಂತು. ಅವನ ತೋರುಬೆರಳನ್ನು ಹುಡುಕಿ ಹಿಡಿದು ಒತ್ತಿತು.

“ಆ ಮಾಲು ವಾಪಸ್ ತಗೊಂಡಾರೇನ್ರಿ?”

ಅದೇ ಬೆರಳು, ಮತ್ತೊಂದು ಸಲ, ಇನ್ನೂ ಗಟ್ಟಿಯಾಗಿ.

ಆ ಬೂಟು ತೊಟ್ಟವನು ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ಬೂಟನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡಿದ್ದಾರೆ, ಅವನ ಮೇಲೆ ಬರೆದ ಸಾಲನ್ನು ತೆಗೆದುಕೊಂಡಿಲ್ಲ.

“ಹಂಗಾದ್ರ ನನ್ನ ಮಗನ ಕಾಗದ?”

ಪಾಲಾಕ್ಷಪ್ಪ ಕೈ ಹಿಂದಕ್ಕೆಳೆದುಕೊಂಡು ಬನಿಯನ್ನಿಗೆ ಒರೆಸಿಕೊಂಡರು. ಆ ಕಾಗದ ಸಮಿತಿಯ ಕೈಯಲ್ಲಿಲ್ಲ ಎಂದರು. ಈಗ ತಿಳಿದದ್ದನ್ನು ಮೇಲ್ಮನವಿಯಲ್ಲಿ ಬರೆದರೆ ಎಲ್ಲಿಂದ ತಿಳಿಯಿತೆಂದು ಕೇಳುತ್ತಾರೆ, ತಮ್ಮ ಬುಡಕ್ಕೇ ಬರುತ್ತದೆ ಎಂದರು. ಅಷ್ಟರಲ್ಲಿ ಚಹಾ ಬಂತು. ಅವರ ದನಿ ದೊಡ್ಡದಾಯಿತು.

“ಪ್ರಶ್ನಿ ಬಾಳ ಚಲೋ ಇತ್ತು ಹವಾಲ್ದಾರ್ರ. ಮುಂದಿನ ಸಲಕ್ಕೂ ಇಂಥದ್ದೊಂದು ಬರ್ಕೊಡ್ರಿ.”

ಹೊನ್ನೂರಸ್ವಾಮಿ ಆ ಚಹಾ ಕುಡಿದ. ಕುಡಿಯದೆ ಎದ್ದು ಬರಬೇಕಿತ್ತೆಂದು ಬಸ್ಸು ಹತ್ತಿದ ಮೇಲೆ ಅನ್ನಿಸಿತು.

ಬಸ್ಸು ಊರು ದಾಟುವ ತನಕ ರಾಮಾಂಜಿನಿ ಏನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಕೇಳಿದ್ದರೆ ಹೊನ್ನೂರಸ್ವಾಮಿ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದನೇನೋ. ಕಿಟಕಿಯ ಆಚೆ ನೋಡುತ್ತ, ಬಲಗಾಲನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂತ ಮಗನನ್ನು ನೋಡಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಅಪ್ಪನ ಕಾಲದಿಂದ ಮನೆತನದಲ್ಲಿ ಯಾರೂ ಮಾಡದ ಕೆಲಸ ಮಾಡಿದ. ಟವೆಲ್ಲಿನ ಕೆಳಗೆ ಆದದ್ದನ್ನು ಹೇಳಿಬಿಟ್ಟ. ಒಂದು ಬೆರಳು, ಎರಡೂ ಸಲ ಒಂದೇ ಬೆರಳು.

ಮಗನ ಮುಖದಲ್ಲಿ ಬೆಳಕು ಮೂಡಬಹುದೆಂದು ಕಾದ.

“ಅಂದ್ರ ಅವರಿಗೆ ಗೊತ್ತೈತಿ,” ಎಂದ ರಾಮಾಂಜಿನಿ.

“ಗೊತ್ತೈತಿ.”

“ಆ ಮೂವತ್ತೊಂದು ಮಂದಿಗೂ?”

“ಅವರೂ ಓದಿರ್ತಾರಲ್ಲ.”

“ಬೂಟು ತಿರುಗಿ ತಗೊಂಡೋರಿಗೂ, ಚುಕ್ಕಿ ಹಾಕಿದೋರಿಗೂ.”

“ಹೂಂ.”

ರಾಮಾಂಜಿನಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

“ಅವರಿಗೆ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದಾಗ ನಾ ಹೆಂಗೋ ಇದ್ನೆಪ್ಪ.”

ವರದಿಗೆ ಸರ್ಕಾರ ಮೂರು ತಿಂಗಳಲ್ಲಿ ಜವಾಬು ಕೊಡಬೇಕಂತೆ, ಆಗ ಇನ್ನೊಂದು ಪ್ರಶ್ನೆ ಹಾಕಿಸೋಣ, ಈ ಸಲ ಮುಚ್ಚಲು ಬಾರದ ಹಾಗೆ ಬರೆಯುತ್ತೇನೆ ಎಂದ ಹೊನ್ನೂರಸ್ವಾಮಿ. ಹೇಳುತ್ತ ಹೇಳುತ್ತ ತನ್ನ ದನಿ ಥೇಟ್ ಪ್ರವೀಣಕುಮಾರನ ದನಿಯಂತೆ ಕೇಳಿಸಿ ನಿಲ್ಲಿಸಿದ.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ನಿಂತಾಗ ರಾಮಾಂಜಿನಿ ನೀರು ಕುಡಿದು ಬರುತ್ತೇನೆಂದು ಇಳಿದ. ಬಸ್ಸು ಹೊರಡುವ ಹೊತ್ತಿಗೆ ಮುಂದಿನ ಬಾಗಿಲಿನಿಂದ ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದ ಜಾಗ ತೋರಿಸಿ, ಇಲ್ಲಿ ಯಾರಾದರೂ ಇದ್ದಾರೇನ್ರಿ ಎಂದು ಹಣ್ಣಿನ ಬುಟ್ಟಿಯ ಹೆಂಗಸೊಬ್ಬಳು ಹೊನ್ನೂರಸ್ವಾಮಿಯನ್ನು ಕೇಳಿದಳು. ಅವನು ಕಿಟಕಿಯ ಕಡೆ ಸರಿದು ಅವಳಿಗೆ ಜಾಗ ಬಿಟ್ಟ.