ಇರಬೇಕಾದ ದೋಣಿ

ನಮ್ಮ ಸಾಹೇಬರಿಗೆ ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು ‘ಆಮೇಲೆ’. ರಜೆ ಕೇಳಿದರೆ ಆಮೇಲೆ, ಮುರಿದ ಕುರ್ಚಿಗೆ ಆಮೇಲೆ, ಸೋರುವ ನಲ್ಲಿಗೂ ಆಮೇಲೆ. ಅಂಥ ಮನುಷ್ಯ ನನ್ನ ಮೇಜಿನ ಮುಂದೆ ನಿಂತು, ಪರದೆಯ ಮೇಲಿನ ಒಂದು ಕೆಂಪು ಚುಕ್ಕೆಗೆ ಬೆರಳಿಟ್ಟು, "ಮುಂದಿನ ಚಿತ್ರದಲ್ಲಿ ಇದು ಇರಕೂಡದು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷಗಳಲ್ಲಿ ಅವರಿಗೆ ಅವಸರ ಬಂದದ್ದು ಇದೊಂದಕ್ಕೇ.

ಆ ಚುಕ್ಕೆ ಇದ್ದದ್ದು ನನ್ನ ಅಣ್ಣ ತನ್ನ ದೋಣಿಯನ್ನು ಹಗ್ಗ ಹಾಕಿ ಕಟ್ಟುತ್ತಿದ್ದ ಜಾಗದಲ್ಲಿ.

ನಮ್ಮದು ಬಂದರಿನ ಮೇಲೆ ಕಣ್ಣಿಡುವ ಕಚೇರಿ. ಕೆಲವು ದಿನಗಳಿಗೊಮ್ಮೆ ಉಪಗ್ರಹವೊಂದು ಮೇಲಿನಿಂದ ಹಾದು ರೇಡಾರ್ ಚಿತ್ರ ಕಳಿಸುತ್ತದೆ. ರೇಡಾರಿಗೆ ಮೋಡವೂ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. ಆದರೆ ಅದಕ್ಕೆ ಬಣ್ಣ ಗೊತ್ತಿಲ್ಲ, ಮುಖ ಗೊತ್ತಿಲ್ಲ. ನೀರು ಕಪ್ಪಗೆ ಕಾಣುತ್ತದೆ, ದೋಣಿ ಒಂದು ಚಿಟಿಕೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ನಾನು ನೋಡಿಕೊಳ್ಳುವ ನ್ಯೂರಲ್ ನೆಟ್‌ವರ್ಕ್ ಎಂಬ ಯಂತ್ರ ಹಳೆಯ ಚಿತ್ರಗಳಿಂದ ಕಲಿತು, ಇವತ್ತು ಬಂದರು ಹೇಗಿರಬೇಕು ಎಂದು ತಾನೇ ಒಂದು ರೇಡಾರ್ ಚಿತ್ರ ಬರೆಯುತ್ತದೆ. ಅದನ್ನು ಉಪಗ್ರಹದ ನಿಜವಾದ ಚಿತ್ರದ ಪಕ್ಕ ಇಟ್ಟು ನೋಡುತ್ತದೆ. ಎರಡೂ ಹೊಂದದ ಕಡೆ ಕೆಂಪು ಚುಕ್ಕೆ ಇಟ್ಟು, ‘ಇರಬೇಕಾದದ್ದು ಇಲ್ಲ’ ಎಂದು ಬರೆಯುತ್ತದೆ. ಬಂದರಿನ ಕಟ್ಟೆಯ ಮೂಲೆ ಕುಸಿದರೂ ನಮಗೆ ಮೊದಲು ತಿಳಿಯುವುದು ಹೀಗೆ. ಮೀನಿಗೆ ಹೋದ ದೋಣಿಯ ಚುಕ್ಕೆ ಅದು ಮರಳಿದೊಡನೆ ಅಳಿಯುತ್ತದೆ.

ಅಣ್ಣ ದೋಣಿ ತೆಗೆದುಕೊಂಡು ಕಡಲಿಗೆ ಹೋಗಿ ವರ್ಷ ದಾಟಿತ್ತು. ಹುಡುಕಲು ಹೋದ ಹಡಗು ಬರಿಗೈಯಲ್ಲಿ ಬಂತು, ಒಂದು ಹಲಗೆಯ ಚೂರೂ ಸಿಗಲಿಲ್ಲ. ಜನ ಮೊದಮೊದಲು ವಿಚಾರಿಸಿದರು, ಬರಬರುತ್ತಾ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿದರು. ಅಣ್ಣ ಎಲ್ಲಿ ಎಂದು ಬಿಡದೆ ಕೇಳುತ್ತಿದ್ದದ್ದು ಈ ಯಂತ್ರವೊಂದೇ. ಪ್ರತಿ ಸಲವೂ ಅವನ ಜಾಗದಲ್ಲಿ ಬೆಳ್ಳಗೆ ಒಂದು ದೋಣಿ ಬರೆಯುತ್ತಿತ್ತು, ನಿಜವಾದ ಚಿತ್ರದಲ್ಲಿ ಕಪ್ಪು ನೀರು ನೋಡುತ್ತಿತ್ತು, ಕೆಂಪು ಚುಕ್ಕೆ ಇಡುತ್ತಿತ್ತು. ಸುಳ್ಳೇಕೆ ಹೇಳಲಿ, ಉಪಗ್ರಹ ಬರುವ ದಿನ ನಾನು ಬೇಗ ಎದ್ದು ಕಚೇರಿಗೆ ಓಡುತ್ತಿದ್ದದ್ದು ಅದನ್ನು ನೋಡಲಿಕ್ಕೇ.

"ಈ ವರ್ಷದ ಚಿತ್ರ ಇದಕ್ಕೆ ಕೊಟ್ಟಿಲ್ವಾ?" ಸಾಹೇಬರು ಕೇಳಿದರು.

"ಕೊಡ್ಬೇಕು ಸಾರ್."

"ಕೊಡಿ ಮತ್ತೆ. ಅಲ್ಲಿ ಖಾಲಿ ನೀರು ಅಂತ ಕಲಿತ್ಕೊಳ್ಳುತ್ತೆ. ಬಂದರಿನೋರು ನಮ್ಮನ್ನ ನೋಡಿ ನಗ್ತಿದ್ದಾರೆ."

ಅದೇನು ಬ್ರಹ್ಮವಿದ್ಯೆಯಲ್ಲ. ಹೊಸ ಚಿತ್ರಗಳನ್ನು ಕೊಟ್ಟು, ಗುಂಡಿ ಒತ್ತಿ, ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಕೈ ಏಳಲಿಲ್ಲ. ಅಣ್ಣ ಇನ್ನಿಲ್ಲ ಎಂದು ನಾನು ಒಂದು ನರಪಿಳ್ಳೆಯ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಯಂತ್ರಕ್ಕೆ ಮೊದಲು ಹೇಳಬೇಕಾಗಿತ್ತೆ?

ಸಂಜೆ ಅತ್ತಿಗೆಯ ಹತ್ತಿರ ಹೋದೆ. ಅವರು ಬಂದರಿನ ಶೆಡ್ಡಿನಲ್ಲಿ ಕೂತು ಹರಿದ ಬಲೆಗಳನ್ನು ಹೆಣೆದುಕೊಡುತ್ತಾರೆ. ನಮ್ಮ ಬಂದರಿನಲ್ಲಿ ಕಟ್ಟೆಯ ಗೂಟಕ್ಕೆ ಯಾರ ಹಗ್ಗ ಇದೆಯೋ ಜಾಗ ಅವರದು. ದೋಣಿ ಎಷ್ಟು ದಿನ ಹೊರಗಿದ್ದರೂ ಬೇರೆಯವರು ಅಲ್ಲಿ ಕಟ್ಟುವಂತಿಲ್ಲ. ಅಣ್ಣನ ಹಗ್ಗ ಉಪ್ಪಿಗೆ, ಬಿಸಿಲಿಗೆ ನವೆದಾಗಲೆಲ್ಲ ಅತ್ತಿಗೆ ಹೊಸದು ಕಟ್ಟುತ್ತಿದ್ದರು. ಒಳಗೆ ಜಾಗ ಸಿಗದ ದೋಣಿಗಳು ತಡೆಗೋಡೆಯ ಆಚೆ ಅಲೆಗಳಲ್ಲಿ ಲಂಗರು ಹಾಕಿ ಕುಲುಕಾಡುತ್ತಿದ್ದವು. ಒಂದರಲ್ಲಿ ಗಂಡ ಹೆಂಡತಿ, ಜೊತೆಗೆ ಎಳೆಗೂಸು. ಆದರೂ ಅತ್ತಿಗೆಯನ್ನು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಅವರ ನಾಲಿಗೆ ಬಲೆಸೂಜಿಗಿಂತ ಚೂಪು.

ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಸೂಜಿ ಕೆಳಗಿಟ್ಟರು.

"ಒಂದು ಮಿಷನ್ನು ಅವರೆಲ್ಲಿ ಅಂತ ಕೇಳ್ತಾ ಇದೆ. ನೀನು ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ."

"ಏನಂತ ಹೇಳ್ಲಿ ಅತ್ತಿಗೆ?"

"ನಾಳೆ ಬರ್ತೀನಿ. ತೋರ್ಸು."

ಮರುದಿನ ಒಳ್ಳೆಯ ಬಟ್ಟೆ ಹಾಕಿಕೊಂಡು, ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರ ಹಾಗೆ ಮೆಲ್ಲಗೆ ಒಳಗೆ ಬಂದರು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ತೆರೆದಿಟ್ಟೆ. ಅತ್ತಿಗೆ ಕಟ್ಟೆಯ ಗೆರೆಯನ್ನು ಬೆರಳಿನಿಂದ ಹಿಡಿದು ಬಂದು, ಯಾರೂ ತೋರಿಸದೆಯೇ ಆ ಬಿಳಿ ಗುರುತಿನ ಮೇಲೆ ಬೆರಳು ನಿಲ್ಲಿಸಿದರು.

"ಇದು ಅವರೇನಾ?"

"ಅಲ್ಲ. ಇದು ಯಂತ್ರ ಬರೆದಿದ್ದು. ಇಲ್ಲಿ ಯಾವಾಗ್ಲೂ ದೋಣಿ ಇರ್ತಿತ್ತಲ್ಲ, ಅದಕ್ಕೇ ಬರೆಯುತ್ತೆ."

"ಹೋಗಿದ್ದು ಗೊತ್ತಿಲ್ವಾ ಅದಕ್ಕೆ?"

"ನಾನು ಹೇಳಿಲ್ಲ."

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ.

"ಹೇಳಿದ್ರೆ?"

"ಮರೆತುಬಿಡುತ್ತೆ ಅತ್ತಿಗೆ. ಆಮೇಲೆ ಅಲ್ಲಿ ದೋಣಿ ಬರೆಯಲ್ಲ. ಹೇಳದೇ ಇದ್ರೆ ಚುಕ್ಕೆ ಹೋಗಲ್ಲ, ಸಾಹೇಬರು ಬೇರೆಯವರ ಕೈಲಿ ಹೇಳಿಸ್ತಾರೆ."

ಅತ್ತಿಗೆ ಆ ಗುರುತಿನಿಂದ ಬೆರಳು ತೆಗೆಯಲಿಲ್ಲ. "ಅಲ್ಲಿ ನಿಜವಾಗ್ಲೂ ಒಂದು ದೋಣಿ ನಿಂತಿದ್ರೆ?"

"ಆಗ ಎರಡೂ ಹೊಂದುತ್ತೆ. ಚುಕ್ಕೆ ಇಡಲ್ಲ."

"ಯಾರ ದೋಣಿ ಆದ್ರೂ?"

"ಮೇಲಿಂದ ಎಲ್ಲಾ ಒಂದೇ ಥರ ಕಾಣ್ಸುತ್ತೆ."

"ಹಾಗಾದ್ರೆ ಹೇಳ್ಬೇಡ ಕಣೆ" ಎಂದು ಎದ್ದರು. "ನಾನು ಹಗ್ಗ ಬಿಚ್ತೀನಿ. ಆ ಮಗು ಇರೋ ದೋಣಿ ಒಳಗೆ ಬರ್ಲಿ. ಅದರ ಪಾಡಿಗೆ ಅದು ಬರ್ಕೊಂಡಿರ್ಲಿ."

ಬೇಡ ಎನ್ನಲು ಹೊರಟಿದ್ದೆ. ಆ ಹಗ್ಗ ಇರುವವರೆಗೆ ಅಣ್ಣ ತಡ ಮಾಡಿದ್ದಾನೆ ಅಷ್ಟೇ ಎಂದು ನಾನೂ ನಂಬಿದ್ದೆ. ಆದರೆ ಅದನ್ನು ಕಟ್ಟಿದವರು ಅವರು.

ಕಟ್ಟೆಗೆ ಹೋದೆವು. ಹಗ್ಗದ ಗಂಟು ಉಪ್ಪು ಕಟ್ಟಿ ಬಿಗಿದುಹೋಗಿತ್ತು. ನಾನು ಚಾಕು ಕೊಡಹೋದರೆ ಕೈ ತಳ್ಳಿದರು, ಉಗುರಿನಿಂದಲೇ ಬಿಚ್ಚಿದರು. ದೋಣಿ ಒಳಗೆ ಬಂತು. ಆ ಹೆಂಗಸು ಮಗುವನ್ನು ಎತ್ತಿಕೊಂಡು ಕಟ್ಟೆ ಹತ್ತಿದಾಗ ಅತ್ತಿಗೆ, "ಹುಷಾರು, ಅಲ್ಲಿ ಕಲ್ಲು ಜಾರುತ್ತೆ, ನಮ್ಮನೆಯವರೂ ಬಿದ್ದಿದ್ರು" ಎಂದಷ್ಟೇ ಹೇಳಿ ಶೆಡ್ಡಿಗೆ ನಡೆದರು.

ಮುಂದಿನ ಚಿತ್ರ ಬಂದ ದಿನ ಸಾಹೇಬರು ನನಗಿಂತ ಮೊದಲೇ ಪರದೆಯ ಮುಂದೆ ನಿಂತಿದ್ದರು. "ಭೇಷ್! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದೀರಿ." ನಾನು ಏನನ್ನೂ ತೆಗೆದಿರಲಿಲ್ಲ. ಯಂತ್ರ ಎಂದಿನಂತೆ ಅಣ್ಣನ ಜಾಗದಲ್ಲಿ ದೋಣಿ ಬರೆದಿತ್ತು, ನಿಜವಾದ ಚಿತ್ರದಲ್ಲೂ ದೋಣಿ ಇತ್ತು. ಸಾಹೇಬರು ಹೋದ ಮೇಲೆ ಹಿಗ್ಗಿಸಿ ನೋಡಿದೆ, ಕುಗ್ಗಿಸಿ ನೋಡಿದೆ. ಆ ಹಾಳು ಚುಕ್ಕೆ ಒಂದೇ ಒಂದು ಸಲ ಕಾಣಲಿ ಎಂದು ಜೀವ ಬಡಿದುಕೊಂಡಿತು.

ಶೆಡ್ಡಿನಲ್ಲಿ ಅತ್ತಿಗೆ ತಲೆ ಎತ್ತದೆ ಕೇಳಿದರು, "ಇವತ್ತೇನಂತು?"

"ಎಲ್ಲಾ ಇರಬೇಕಾದ ಹಾಗೇ ಇದೆ ಅಂತು."

ಸೂಜಿ ನಿಂತಿತು. "ಎಲ್ಲಾನೂ ಇದೆ ಅಂತಾ?" ಎಂದರು.

ಒಂದು ವರ್ಷದಿಂದ ಹನಿ ಕಣ್ಣೀರು ಹಾಕದ ಅತ್ತಿಗೆ, ಯಾರದೋ ಬಲೆಯಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಪಕ್ಕದಲ್ಲಿ ಕೂತೆ. ನನಗೂ ತಡೆಯಲಾಗಲಿಲ್ಲ.